ಕೈತಪ್ಪಿ ಹೋದ ಪ್ರಾರ್ಥನೆ

“ಗುರುಗಳೇ, ಫೋನಿನಲ್ಲಿ ಒಂದು ಮಾತು ಕಳುಹಿಸಿದರೆ ಎರಡು ನೀಲಿ ಗೆರೆ ಬರುತ್ತವೆ. ಆ ಕಡೆಯವರಿಗೆ ಮುಟ್ಟಿತೆಂದು ತಿಳಿಯುತ್ತದೆ. ಪ್ರಾರ್ಥನೆ ದೇವರಿಗೆ ಮುಟ್ಟಿತೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಅಂಗಡಿಯ ಎದುರಿಗೇ ಅವನ ತಮ್ಮ ಚನ್ನವೀರನ ಬೆಲ್ಲದ ಅಂಗಡಿ. ತಂದೆ ತೀರಿಕೊಂಡ ಮೇಲೆ ಬೇರೆಯಾದವರು, ‘ಮೂಲ ಅಂಗಡಿ ನಮ್ಮದೇ’ ಎಂದು ಇಬ್ಬರೂ ಬೋರ್ಡು ಬರೆಸಿದ್ದರು. ಅಂದಿನಿಂದ ಅವರ ನಡುವೆ ಮಾತಿಲ್ಲ. ಗಿರಾಕಿಗಳ ಮುಂದೆ ಅಣ್ಣ ತಮ್ಮನನ್ನು ಕತ್ತೆ ಎನ್ನುತ್ತಿದ್ದ. ತಮ್ಮ ಅಣ್ಣನನ್ನು ಕೋಣ ಎನ್ನುತ್ತಿದ್ದ. ಆದರೂ ವ್ಯಾಪಾರಿ ತಮ್ಮನ ನಂಬರನ್ನು ಫೋನಿನಿಂದ ಅಳಿಸಿರಲಿಲ್ಲ. ಅಳಿಸುವುದು ಹೇಗೆಂದು ತನಗೆ ಗೊತ್ತಿಲ್ಲ ಎನ್ನುತ್ತಿದ್ದ.

ಅವನಿಗೆ ದೈವಭಕ್ತಿ ಬಹಳ, ಪುರುಸೊತ್ತು ಕಡಿಮೆ. ಗುಡಿಗೆ ಹೋಗಿ ಬರುವಷ್ಟರಲ್ಲಿ ಗಿರಾಕಿ ಎದುರಂಗಡಿಗೆ ದಾಟಿಬಿಟ್ಟರೆ ಎಂಬ ಅಂಜಿಕೆ ಬೇರೆ. ಹಾಗಾಗಿ ವೀರಭದ್ರನ ಗುಡಿಯ ಪೂಜಾರಿ ಚನ್ನಬಸಯ್ಯನವರೊಂದಿಗೆ ಒಂದು ಏರ್ಪಾಡು ಮಾಡಿಕೊಂಡ. ಇವನು ಅಂಗಡಿಯಲ್ಲಿ ಕುಳಿತೇ ಪ್ರಾರ್ಥನೆಯನ್ನು ಫೋನಿಗೆ ಹೇಳಿ ಕಳುಹಿಸುವುದು. ಅಯ್ಯನವರು ಅದನ್ನು ಗರ್ಭಗುಡಿಯ ಮುಂದೆ ಹಿಡಿದು ದೇವರಿಗೆ ಕೇಳಿಸಿ, ಮಂಗಳಾರತಿಯ ಫೋಟೊ ತಿರುಗಿ ಕಳುಹಿಸುವುದು. ಫೋಟೊ ಬಂದೊಡನೆ ವ್ಯಾಪಾರಿ ಫೋನನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದ. ವರ್ಷಗಟ್ಟಲೆ ಪ್ರಾರ್ಥನೆ ದಿನವೂ ಒಂದೇ. ‘ಕರುಣಾಸಾಗರನೇ’ ಎಂದು ಶುರು, ನಡುವೆ ಮಂಡಿನೋವು ಮತ್ತು ಬೆಲ್ಲದ ಧಾರಣೆ, ಕೊನೆಗೆ ಎದುರಂಗಡಿಯವನ ಬೆಲ್ಲಕ್ಕೆ ಇರುವೆ ಹತ್ತಲಿ ಎಂಬ ಮುಕ್ತಾಯ. ಇವನನ್ನು ಕಂಡು ಪೇಟೆಯವರೆಲ್ಲ ಅದೇ ದಾರಿ ಹಿಡಿದರು. ಹಬ್ಬದ ದಿನಗಳಲ್ಲಿ ಅಯ್ಯನವರು ಪ್ರಾರ್ಥನೆಗಳನ್ನು ಎರಡರಷ್ಟು ವೇಗದಲ್ಲಿ ಓಡಿಸುತ್ತಿದ್ದರು. ದೇವರು ಅದನ್ನೂ ಸಹಿಸಿಕೊಂಡ.

ಒಂದು ಬೆಳಿಗ್ಗೆ ವ್ಯಾಪಾರಿಯ ಹೆಂಡತಿ ಹೊಟ್ಟೆ ಹಿಡಿದುಕೊಂಡು ಕುಸಿದು ಬಿದ್ದಳು. ಆಸ್ಪತ್ರೆಗೆ ಒಯ್ದರೆ, ತಡ ಮಾಡುವಂತಿಲ್ಲ, ಈಗಲೇ ಆಪರೇಷನ್ ಆಗಬೇಕೆಂದು ವೈದ್ಯರು ಅವಳನ್ನು ಒಳಗೆ ಕರೆದೊಯ್ದರು. ವ್ಯಾಪಾರಿ ಹೊರಗೆ ಬೆಂಚಿನ ಮೇಲೆ ಒಬ್ಬನೇ ಉಳಿದ. ಹೆಂಡತಿಯ ಚಪ್ಪಲಿ ಅವನ ಕೈಯಲ್ಲಿತ್ತು. ಯಾರನ್ನು ಕರೆಯಲಿ ಎಂದು ಯೋಚಿಸಿದ. ಪೇಟೆಯ ತುಂಬ ಗುರುತಿನವರಿದ್ದರು. ಬಂದು ಪಕ್ಕದಲ್ಲಿ ಕೂರುವವರು ಯಾರೂ ಹೊಳೆಯಲಿಲ್ಲ. ದೇವರಿಗೇ ಹೇಳೋಣವೆಂದು ಫೋನು ತೆಗೆದ.

ಫೋನಿನಲ್ಲಿ ಅಯ್ಯನವರ ಹೆಸರಿನ ಕೆಳಗೇ ತಮ್ಮನ ಹೆಸರಿತ್ತು. ಕಣ್ಣು ಮಂಜಾಗಿತ್ತು. ಬೆರಳು ಒಂದು ಸಾಲು ಕೆಳಗೆ ಬಿತ್ತು.

“ಕರುಣಾಸಾಗರನೇ, ನನಗೆ ಭಯವಾಗುತ್ತಿದೆ. ನೀನಲ್ಲದೆ ನನಗೆ ಯಾರೂ ಇಲ್ಲ. ಬೇಗ ಬಾ” ಎಂದ. ಯಾವ ಆಸ್ಪತ್ರೆ, ಎಷ್ಟನೆಯ ಮಹಡಿ ಎಂಬುದನ್ನೂ ದೇವರಿಗೆ ವಿವರವಾಗಿ ತಿಳಿಸಿದ. ಬಾಯಿಪಾಠವಾಗಿ ಹೋಗಿದ್ದ ಮುಕ್ತಾಯವೂ ತಾನಾಗಿಯೇ ಹೊರಬಂತು.

ಸ್ವಲ್ಪ ಹೊತ್ತಿಗೆ ತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಅಂಗಡಿಯ ಬಾಗಿಲು ಕೂಡ ಹಾಕದೆ ಬಂದಿದ್ದ. ಅವನನ್ನು ಕಂಡು ವ್ಯಾಪಾರಿಗೆ ಮೊದಲು ಬಂದದ್ದು ಸಿಟ್ಟೇ.

“ನಿನಗೆ ಯಾರು ಹೇಳಿದರು?”

“ನೀನೇ ಕರೆದೆಯಲ್ಲ, ಅಣ್ಣಾ. ದಿನಾ ಕತ್ತೆ ಎನ್ನುವವನು ಇವತ್ತು ಕರುಣಾಸಾಗರ ಎಂದೆ. ನಿನ್ನ ತಲೆಗೇ ಏನೋ ಆಗಿದೆ ಅಂದುಕೊಂಡೆ. ಕೊನೆಗೆ ನನ್ನ ಬೆಲ್ಲಕ್ಕೆ ಇರುವೆ ಹತ್ತಲಿ ಎಂದದ್ದು ಕೇಳಿ, ತಲೆ ಸರಿಯಾಗಿಯೇ ಇದೆ, ಕಷ್ಟ ಬಂದದ್ದೇ ನಿಜ ಎಂದು ಓಡಿ ಬಂದೆ.”

ವ್ಯಾಪಾರಿ ಫೋನು ನೋಡಿಕೊಂಡ. ಬೆಂಚಿನಲ್ಲಿ ತುಸು ಸರಿದು ಜಾಗ ಮಾಡಿದ. ತಮ್ಮ ಕುಳಿತು, ಅತ್ತಿಗೆಯ ಚಪ್ಪಲಿಯನ್ನು ಅವನ ಕೈಯಿಂದ ಬಿಡಿಸಿ ಕೆಳಗಿಟ್ಟ. ಚಹಾ ತಂದು ಕುಡಿಸಿದ. ಔಷಧಿಗೆ ಓಡಾಡಿದ. ಬೋರ್ಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಧ್ಯಾಹ್ನ ವೈದ್ಯರು ಹೊರಬಂದು ಅಪಾಯ ಕಳೆಯಿತೆಂದಾಗ ವ್ಯಾಪಾರಿ ತಮ್ಮನ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟ.

ಅಷ್ಟರಲ್ಲಿ ಅಯ್ಯನವರ ಫೋನು ಬಂತು. ಇವತ್ತು ನಿಮ್ಮ ಪ್ರಾರ್ಥನೆ ಬರಲೇ ಇಲ್ಲ, ಮಂಗಳಾರತಿಯೂ ಮುಗಿದುಹೋಯಿತು, ದೇವರಿಗೆ ಏನೆಂದು ಹೇಳಲಿ ಎಂದು ಅವರು ಕೇಳಿದರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. ಪಾಪ, ಅಷ್ಟು ವರ್ಷ ತಪ್ಪದೆ ಮುಟ್ಟುತ್ತಿದ್ದ ಪ್ರಾರ್ಥನೆ ಬೇಕಾದ ದಿನವೇ ದಾರಿ ತಪ್ಪಿತಲ್ಲ ಎಂದ.

ಗುರುಗಳು ಅವನ ನಗು ನಿಲ್ಲುವವರೆಗೆ ಕಾದು ಹೇಳಿದರು:

“ಅಷ್ಟು ವರ್ಷಗಳಲ್ಲಿ ದೇವರಿಗೆ ಮುಟ್ಟಿದ್ದು ಅದೊಂದೇ.”