ಕೊಳವೆಗೆ ಮೆತ್ತಿದ ಅರಗು

"ಅಜ್ಜಾರ, ನನಗೊಂದು ಮೌನವ್ರತ ಕೊಡುತ್ತೀರಾ?" ಎಂದು ಬಸಲಿಂಗವ್ವ ಕೇಳಿದಳು.

ಮಠದ ಗುರುಗಳು ಕಾರಣ ಕೇಳಿದರು.

"ನನ್ನ ನಾಲಿಗೆ ನನ್ನ ಮಾತು ಕೇಳುತ್ತಿಲ್ಲ. ನಮ್ಮ ಯಜಮಾನರು ತೀರಿಕೊಂಡಾಗ ನಾನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅತ್ತರೆ ಊರು ಆಡಿಕೊಳ್ಳುತ್ತದೆ ಎಂದು ಹಲ್ಲು ಕಚ್ಚಿ ನಿಂತೆ. ಮಗಳು ಪಕ್ಕಕ್ಕೆ ಬಂದು ಕೂತರೆ ಎದ್ದು ಹೋಗಿ ಕಸ ಗುಡಿಸಿದೆ. ಒಬ್ಬಳೇ ಹೊಲ ಮಾಡಿದೆ, ಅವಳ ಮದುವೆ ಮಾಡಿದೆ. ಜನ ಗಟ್ಟಿಗಿತ್ತಿ ಎಂದರು. ಈಗ ಬಾಯಿ ತೆರೆದರೆ ಬೆಂಕಿ. ಆಳಿಗೆ ಬೈಯುತ್ತೇನೆ, ಹಾಲು ಕರೆಯುವಾಗ ಎಮ್ಮೆಗೂ ಬೈಯುತ್ತೇನೆ. ಮಗಳು ಬಾಣಂತನಕ್ಕೆ ತವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡರೆ ಬಂದಾಳು."

ಗುರುಗಳು ವ್ರತ ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನಿಗೆ ತಂದೆಯಿಂದ ಬಂದ ಹಳೆಯ ಮೋಟಾರ್‌ಸೈಕಲ್ ಇತ್ತು. ಬಸ್ಸಿನಲ್ಲಿ ಹಾಕಿದರೆ ಗಾಜಿನ ಬಳೆಗಳು ಊರು ಮುಟ್ಟುವುದರೊಳಗೆ ಪುಡಿಯಾಗುತ್ತಿದ್ದವು. ಆದ್ದರಿಂದ ಆ ಗಾಡಿ ಓಡಿದರೆ ಮಾತ್ರ ಅವನ ಕಸುಬು ನಡೆಯುತ್ತಿತ್ತು.

ಗಾಡಿಯ ಎಂಜಿನ್ನಿಗೆ ಒಂದು ರಬ್ಬರ್ ಕೊಳವೆ ಇತ್ತು. ನಿಲ್ಲಿಸಿದಲ್ಲೆಲ್ಲ ಅದರಿಂದ ಒಂದೆರಡು ಹನಿ ಎಣ್ಣೆ ಬೀಳುತ್ತಿತ್ತು. ಮನೆಯ ಅಂಗಳದಲ್ಲಿ, ಹೆಂಡತಿ ಇಡುವ ರಂಗೋಲಿಯ ಪಕ್ಕದಲ್ಲಿ, ಕಪ್ಪು ಕಲೆಯೊಂದು ನಿಂತುಬಿಟ್ಟಿತ್ತು.

ಎದುರು ಮನೆಯವನು ನಕ್ಕ. "ಏನು ಮಾವ, ನಿನ್ನ ಗಾಡಿಗೆ ನೆಗಡಿಯೇ? ಮೂಗು ಸೋರುತ್ತಿದೆಯಲ್ಲ!"

ಬಳೆಗಾರ ಅಂಗಿಗೆ ಕಲೆ ಬಿದ್ದರೂ ಸಹಿಸದವನು. ಮಾತು ಅವನಿಗೆ ನಾಟಿತು. ಒಡೆದ ಅರಗಿನ ಬಳೆ ಬೆಸೆಯುವ ಕೈ ಅವನದು. ಒಂದು ತುಂಡು ಅರಗನ್ನು ದೀಪಕ್ಕೆ ಹಿಡಿದು ಕರಗಿಸಿದ. ಕೊಳವೆಯ ಬಾಯಿಗೆ ಮೆತ್ತಿದ. ಮರುದಿನ ನೆಲ ಒಣಗಿತ್ತು. ಅವನು ಎದುರು ಮನೆಯ ಕಡೆ ನೋಡಿ ಮೀಸೆ ತಿರುವಿದ.

ಕೆಲವು ದಿನ ಕಳೆದವು. ಎಂಜಿನ್ನಿನ ಮೇಲ್ಭಾಗದಲ್ಲಿ ಎಣ್ಣೆ ಜಿನುಗಿತು. ಅವನು ಬೋಲ್ಟು ಬಿಗಿ ಮಾಡಿದ. ಎಡಬದಿಯ ಮುಚ್ಚಳದಲ್ಲಿ ಜಿನುಗಿತು. ಅಲ್ಲಿಯೂ ಬಿಗಿ ಮಾಡಿದ. ಬಲಬದಿಯಲ್ಲಿ ಶುರುವಾಯಿತು. ಇನ್ನೂ ಬಿಗಿ ಮಾಡಲು ಹೋದ, ಬೋಲ್ಟಿನ ಥ್ರೆಡ್ಡೇ ಸವೆದು ಅದು ಸುಮ್ಮನೆ ತಿರುಗತೊಡಗಿತು. ದಾರಿಯುದ್ದಕ್ಕೂ ಎಣ್ಣೆ ಅವನ ಪಂಚೆಗೆ ಸಿಡಿಯಿತು. ಒರೆಸಿ ಒರೆಸಿ ಅಂಗೈಯ ಗೆರೆಗಳೆಲ್ಲ ಕಪ್ಪಾದವು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಒಂದು ಊರಿನಲ್ಲಿ ಸೀಮಂತವಿತ್ತು. ಬಸುರಿಗೆ ಹಸಿರು ಬಳೆ ತೊಡಿಸಲು ಅವನನ್ನು ಕರೆದಿದ್ದರು. ಅವನು ಕೈ ಚಾಚಿದ. ಮನೆಯ ಹಿರಿಯಾಕೆ ಸೊಸೆಯ ಕೈಯನ್ನು ಹಿಂದಕ್ಕೆಳೆದಳು.

"ಬಳೆಗಾರಣ್ಣ, ಬಳೆ ತೊಡಿಸಲು ಬಂದೆಯೋ, ಗಾಣ ಆಡಿಸಿ ಬಂದೆಯೋ? ಈ ಕೈಯಲ್ಲಿ ನನ್ನ ಸೊಸೆಯ ಕೈ ಹಿಡಿಯಬೇಡ."

ಹೆಂಗಸರು ನಕ್ಕರು. ಅವನು ಬಳೆಯ ಪೆಟ್ಟಿಗೆ ಮುಚ್ಚಿ ಎದ್ದ. ಕೈ ಕೊಡಲು ಜನ ಹಿಂಜರಿದರೆ ಬಳೆಗಾರನಿಗೆ ಉಳಿಯುವುದೇನು? ಗಾಡಿಯನ್ನು ನೇರವಾಗಿ ಒಬ್ಬ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದ.

"ಎಲ್ಲಿ ಸೋರುತ್ತಿದೆ?" ಎಂದು ಮೆಕ್ಯಾನಿಕ್ ಕೇಳಿದ.

"ಎಲ್ಲಿ ಸೋರುತ್ತಿಲ್ಲ ಎಂದು ಕೇಳಪ್ಪ."

ಮೆಕ್ಯಾನಿಕ್ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ. ಗಾಡಿ ಚಾಲೂ ಮಾಡಿ ಕುಕ್ಕರಗಾಲಲ್ಲಿ ಕೂತು ನೋಡಿದ. ಎಲ್ಲ ಸಂದುಗಳಲ್ಲೂ ಒಟ್ಟಿಗೇ ಎಣ್ಣೆ ಒಸರಿತು.

"ಒಂದು ಕಡೆ ಸೋರಿದರೆ ಆ ಸಂದಿನ ಪ್ಯಾಕಿಂಗ್ ಹೋಗಿದೆ ಅನ್ನಬಹುದು. ಎಲ್ಲ ಕಡೆ ಸೋರಿದರೆ ಒಳಗೆ ಏನೋ ಒತ್ತುತ್ತಿದೆ" ಎಂದು ಕೈಯನ್ನು ಗಾಡಿಯ ಕೆಳಗೆ ಹಾಕಿದ. ಕೊಳವೆಯ ತುದಿ ಸಿಕ್ಕಿತು. ಅರಗನ್ನು ಚಿವುಟಿ ತೆಗೆದ. ಕೊಳವೆ ಉಸ್ಸೆಂದಿತು.

"ಇದು ಎಂಜಿನ್ ಉಸಿರು ಬಿಡುವ ದಾರಿ. ಉಸಿರಿನ ಜೊತೆ ಒಂದೆರಡು ಹನಿ ಬರುತ್ತದೆ. ಯಾರಯ್ಯಾ ಇದನ್ನು ಮುಚ್ಚಿದ ಪುಣ್ಯಾತ್ಮ?"

ಮೆಕ್ಯಾನಿಕ್ ಪ್ಯಾಕಿಂಗ್ ಬದಲಿಸಿದ, ಕೆಟ್ಟ ಬೋಲ್ಟಿನ ಬದಲು ಬೇರೆ ಹಾಕಿದ. ಕೊಳವೆಯನ್ನು ತೆರೆದೇ ಬಿಟ್ಟ.

ಬಳೆಗಾರ ಮನೆಗೆ ಬಂದು ಗಾಡಿಯನ್ನು ಎಂದಿನ ಜಾಗದಲ್ಲಿ ನಿಲ್ಲಿಸಿದ. ಹೆಂಡತಿಯ ಮುಖ ನೋಡದೆ ಹೇಳಿದ: "ಇನ್ನು ಮೇಲೆ ಮತ್ತೆ ಎಣ್ಣೆ ಬೀಳುತ್ತದೆ. ನಿನ್ನ ಅಂಗಳ ಕೆಡುತ್ತದೆ."

"ಬೀಳಲಿ ಬಿಡಿ" ಎಂದಳು ಅವಳು. "ಅದು ಬೀಳುವ ಜಾಗ ಬಿಟ್ಟೇ ಅಲ್ಲವೇ ನಾನು ರಂಗೋಲಿ ಇಡುವುದು? ಇಷ್ಟು ವರ್ಷ ದಾಟಿಕೊಂಡು ಓಡಾಡಿದಿರಿ, ಒಂದು ದಿನವೂ ನೋಡಲಿಲ್ಲವೇ?"

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಬಸಲಿಂಗವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಕತೆ ತಿಳಿಯಿತು ಅಜ್ಜಾರ. ಆದರೆ ನನ್ನ ಮಗಳು ಗಟ್ಟಿ ತಾಯಿಯನ್ನೇ ನೋಡಿ ಬೆಳೆದವಳು. ನಾನು ಅವಳ ಮುಂದೆ ಅತ್ತರೆ ಆ ಕಣ್ಣೀರಿಗೆ ಅವಳಲ್ಲಿ ಜಾಗ ಎಲ್ಲಿದೆ?"

ಗುರುಗಳು ಹೇಳಿದರು: "ತಾಯಿ, ಅಂದು ಹಲ್ಲು ಕಚ್ಚಿ ನಿಂತಾಗ ನಿನ್ನ ಪಕ್ಕಕ್ಕೆ ಬಂದು ಕೂತವಳು ಯಾರು?"