ಗಾದಿಲಿಂಗನ ಜೀಪು ಘಟ್ಟ ಹತ್ತಿದ್ದು

ಹೇಳಿದ ಮಾತು ಕೇಳದ ಮಕ್ಕಳಿಂದ ಕಣ್ಣೀರು ಹಾಕುವ ತಾಯಂದಿರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಹೇಳಿದ ಮಾತು ಕೇಳುವ ಮಗನಿಂದ ಕಣ್ಣೀರು ಹಾಕಿದವಳು ಈರಮ್ಮ ಒಬ್ಬಳೇ. ಅವಳ ಮಗ ಗಾದಿಲಿಂಗ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಒಂದಕ್ಷರ ಹೆಚ್ಚಿಗೆ ಯೋಚಿಸುತ್ತಿರಲಿಲ್ಲ.

ಅಪ್ಪ ಸಾಯುವಾಗ ಒಂದು ಹಳೇ ಜೀಪು ಬಿಟ್ಟುಹೋಗಿದ್ದ. ಅದನ್ನು ಓಡಿಸಲು ಗಾದಿಲಿಂಗನಿಗೆ ಚೆನ್ನಾಗಿ ಬರುತ್ತಿತ್ತು. ಓಡಿಸುವುದಕ್ಕೆ ಕೈಕಾಲು ಸಾಕು ತಾನೆ! ಆದರೆ ಜೀಪಿಗೊಂದು ರೋಗ. ಸ್ವಲ್ಪ ದೂರ ಓಡಿದರೆ ಸಾಕು, ಒಲೆಯ ಮೇಲಿನ ಎಸರಿನ ಹಾಗೆ ಕುದಿಯುತ್ತಿತ್ತು.

ಒಂದು ದಿನ ಗಿರಣಿಯಿಂದ ಬರುವಾಗ ಬುಸ್ಸೆಂದು ಹಬೆ ಎದ್ದಿತು. ಗಾದಿಲಿಂಗ ಇಳಿದವನೇ ರೇಡಿಯೇಟರಿನ ಮುಚ್ಚಳ ಗಕ್ಕನೆ ತಿರುಗಿಸಿದ. ಕುದಿನೀರು ಚಿಮ್ಮಿ ಮುಂಗೈಯೆಲ್ಲ ಬೊಬ್ಬೆ. ಮನೆಗೆ ಬಂದರೆ ತಾಯಿ ಹಣೆ ಹಣೆ ಚಚ್ಚಿಕೊಂಡಳು.

"ಬಿಸಿ ಇದ್ದಾಗ ಮುಚ್ಚಳ ತೆಗೀತಾರೇನಲೇ ಪೆದ್ದ! ನೆರಳಲ್ಲಿ ನಿಲ್ಲಿಸಿ, ಆರೋ ತನಕ ಮುಟ್ಟದಂಗೆ ಕೂತಿರಬೇಕು!"

"ಹೂಂನಮ್ಮಾ. ಇನ್ಮೇಲೆ ಹಂಗೇ ಮಾಡ್ತೀನಿ."

ಅವನ ಅಕ್ಕ ಸುಂಕಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. "ಅಕ್ಕ ಮೈಮೇಲೆ ಹಾಕ್ಕೊಳ್ಳಲಿ, ಹಂಡೆಯಿಂದ ಒಂದು ಬಕೆಟ್ ಬಿಸಿನೀರು ಕೊಡಲೇ" ಎಂದಳು ತಾಯಿ. ಗಾದಿಲಿಂಗ ನೀರು ತೋಡಿದ. ಬಕೆಟ್ಟನ್ನು ಬೇವಿನ ಮರದ ನೆರಳಲ್ಲಿಟ್ಟ. ಮುಟ್ಟದಂಗೆ ಕೂತ. ಅಕ್ಕ ಬಚ್ಚಲಲ್ಲಿ ನಡುಗುತ್ತ ಕೂಗಿಕೊಂಡಳು. ತಾಯಿ ಓಡಿಬಂದಳು.

"ಏನಲೇ ಮಾಡ್ತಿದೀಯ?"

"ಆರಿಸ್ತಿದೀನಮ್ಮಾ. ನೀನೇ ಅಂದಿದ್ದೆಲ್ಲಾ!"

"ಅಯ್ಯೋ ನನ್ನ ಕರ್ಮವೇ! ಕೈಗೆ ತಗೊಂಡಿದ್ದನ್ನ ಮುಟ್ಟಿಸೋ ತನಕ ನಿಲ್ಲಬಾರದು. ಏನೇ ಬರಲಿ, ನಿಲ್ಲಬಾರದು!"

"ಹೂಂನಮ್ಮಾ. ಇನ್ಮೇಲೆ ಹಂಗೇ ಮಾಡ್ತೀನಿ."

ಮರುದಿನ ಬೆಳಗ್ಗೆ ಸುಂಕಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಈರಮ್ಮಾ, ಕೂಸಿನ ಕಾಲು ಮುಂದಾಗೈತೆ. ಇದು ನನ್ನ ಕೈಲಾಗೋದಲ್ಲ. ಘಟ್ಟದ ಮೇಲಿನ ಪೇಟೆ ಆಸ್ಪತ್ರೆಗೆ ಒಯ್ಯಿರಿ. ತಡ ಮಾಡಿದ್ರೆ ತಾಯಿನೂ ದಕ್ಕಲ್ಲ, ಕೂಸೂ ದಕ್ಕಲ್ಲ."

ಬಸ್ಸು ಬರುವುದು ಸಂಜೆಗೆ. ಊರಲ್ಲಿ ಇದ್ದದ್ದು ಅದೊಂದೇ ಜೀಪು. ಗಿರಣಿಗೆಂದು ಹೇರಿದ್ದ ಜೋಳದ ಚೀಲ ಇಳಿಸಲೂ ಪುರುಸೊತ್ತಿರಲಿಲ್ಲ. ಚೀಲಗಳ ಪಕ್ಕದಲ್ಲೇ ಹಾಸಿಗೆ ಹಾಸಿ ಮಗಳನ್ನು ಮಲಗಿಸಿದರು. ತಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಹೊಡಿಯಲೇ ಲಿಂಗಾ!"

ಗಾದಿಲಿಂಗ ಹೊಡೆದ. ಘಟ್ಟದ ಏರು ಬಂತು. ಮೀಟರಿನ ಮುಳ್ಳು ಮೇಲೇರಿತು, ಇನ್ನೂ ಮೇಲೇರಿತು, ಕೆಂಪು ಗೆರೆ ಮುಟ್ಟಿತು. ಹೊಡೆದ. ಬಾನೆಟ್ಟಿನ ಸಂದಿನಿಂದ ಹಬೆ ಬಂತು. ಹೊಡೆದ. ಸುಟ್ಟ ವಾಸನೆ ಹಿಂದಕ್ಕೆ ಬಡಿದಾಗ ತಾಯಿ ಕತ್ತೆತ್ತಿ ನೋಡಿದಳು.

"ನಿಲ್ಲಿಸಲೇ! ಎಂಜಿನ್ನು ಹಿಡಿದುಬಿಟ್ರೆ ಇಲ್ಲೇ ಗತಿ! ಯಾಕಲೇ ನಿಲ್ಲಿಸಲಿಲ್ಲ?"

"ಏನೇ ಬರಲಿ ನಿಲ್ಲಬಾರದು ಅಂದಿದ್ದೆಲ್ಲಮ್ಮಾ!"

ಜೀಪು ನಿಲ್ಲಿಸಿ ಕಾಯದೆ ಬೇರೆ ದಾರಿಯಿರಲಿಲ್ಲ. ಸುಂಕಮ್ಮ ಸೆರಗು ಕಚ್ಚಿಕೊಂಡು ಹೊರಳಿದಳು. ಎಂಜಿನ್ನು ಆರಿದ ಮೇಲೆ ತಾಯಿ ತಾನೇ ಮುಚ್ಚಳಕ್ಕೆ ಬಟ್ಟೆ ಹಾಕಿ ತೆಗೆದಳು. ಒಳಗೆ ನೀರೇ ಇಲ್ಲ. ಕುಡಿಯಲು ಕೊಡದಲ್ಲಿ ತಂದಿದ್ದ ನೀರೆಲ್ಲ ಅದಕ್ಕೇ ಹೋಯಿತು.

"ಕಣ್ಣಿಲ್ಲೇನೋ ನಿನಗೆ? ಕೆಂಪು ಕಂಡ್ರೆ ನಿಲ್ಲಿಸಬೇಕು!"

"ಹೂಂನಮ್ಮಾ. ಇನ್ಮೇಲೆ ಹಂಗೇ ಮಾಡ್ತೀನಿ."

ಒಂದು ತಿರುವು ದಾಟಿದ್ದರಷ್ಟೇ, ಜೀಪು ಕಿರ್ರೆಂದು ನಿಂತಿತು.

"ಮತ್ತೆ ಕುದೀತೇನೋ?"

"ಇಲ್ಲಮ್ಮಾ. ಕೆಂಪು ಕಂಡೆ."

ರಸ್ತೆಯ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಕಾಯಿ ಕಾಯುತ್ತ ಕೂತಿದ್ದ ಹೆಂಗಸು ಎದ್ದು ಬಂದಳು.

"ಏನಕ್ಕಾ, ಕಾಯಿ ಬೇಕೇನು?"

"ನನಗೆ ವಿಷ ಬೇಕು ತಾಯಿ, ಇದ್ರೆ ಕೊಡು!" ಎಂದಳು ಈರಮ್ಮ. "ಮಗಳು ಹೆರಿಗೆ ನೋವಲ್ಲಿ ಸಾಯ್ತಿದಾಳೆ, ಇವನು ಮೆಣಸಿನಕಾಯಿಗೆ ಗಾಡಿ ನಿಲ್ಲಿಸ್ತಾನೆ!"

ಹೆಂಗಸು ಒಳಗೆ ಇಣುಕಿ ಎದೆಗೆ ಕೈಯಿಟ್ಟುಕೊಂಡಳು. ಆಮೇಲೆ ಜೀಪಿನ ಕೆಳಗೆ ನೋಡಿದಳು. "ಅಕ್ಕಾ, ನಿನ್ನ ಗಾಡಿ ದಾರಿಯುದ್ದಕ್ಕೂ ಉಚ್ಚೆ ಹೊಯ್ಕೊಂಡು ಬಂದೈತಲ್ಲಾ!"

ನಿಜ! ಹಿಂದಿನ ರಸ್ತೆಯ ಮೇಲೆ ಒದ್ದೆ ಗೆರೆ. ಈರಮ್ಮ ಬಾನೆಟ್ ಎತ್ತಿಸಿದಳು. ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪು ಸೀಳಿತ್ತು. ನೀರು ಹುಯ್ದಷ್ಟೂ ಅಲ್ಲಿಂದ ಸೋರಿಹೋಗುತ್ತಿತ್ತು. ಸೆರಗಿನ ಅಂಚನ್ನು ಚರ್ರನೆ ಹರಿದು, ಸುತ್ತಿ ಸುತ್ತಿ ಬಿಗಿದಳು.

"ನೋಡ್ಕೊಂಡ್ಯಾ? ಸೋರೋದು ಕಂಡ್ರೆ ಹಿಂಗೆ ಬಟ್ಟೆ ಸುತ್ತಿ ಕಟ್ಟಬೇಕು. ಈಗ ಓಡು, ಇವಳ ಮನೆ ಮುಂದಿನ ನಲ್ಲಿಯಿಂದ ಒಂದು ಕೊಡ ನೀರು ತಾ!"

ಗಾದಿಲಿಂಗ ಓಡಿದ. ಓಡಿ ಬಂದ. ಕೊಡ ಖಾಲಿ. ಹೆಗಲ ಮೇಲಿನ ಟವೆಲ್ಲೂ ಇಲ್ಲ.

"ನೀರೆಲ್ಲೋ?"

"ನಲ್ಲಿ ಸೋರ್ತಿತ್ತಮ್ಮಾ. ಬಟ್ಟೆ ಸುತ್ತಿ ಕಟ್ಟಿ ಬಂದೆ. ಒಂದು ಹನಿನೂ ಬರಲ್ಲ ಈಗ!"

ಆ ಹೆಂಗಸು ನಗಲಾರದೆ ಅಳಲಾರದೆ ತಾನೇ ಹೋಗಿ ನೀರು ತಂದಳು. ಒಳಗೆ ಸುಂಕಮ್ಮನ ಕೂಗು ಕಡಿಮೆಯಾಗಿತ್ತು. ತಾಯಿಗೆ ಕೂಗಿಗಿಂತ ಅದೇ ಹೆಚ್ಚು ಭಯವಾಯಿತು.

ಕೊನೆಯ ಏರು ಎಲ್ಲಕ್ಕಿಂತ ಕಡಿದು. ಕಟ್ಟಿದ ಪೈಪು ಅಷ್ಟಿಷ್ಟು ಜಿನುಗುತ್ತಲೇ ಇತ್ತು. ಜೀಪು ನರಳಿತು, ಮುಳ್ಳು ಮತ್ತೆ ಏರತೊಡಗಿತು. ಈರಮ್ಮ ಹುಣಸೆ ಮರದ ಕೆಳಗೆ ನಿಲ್ಲಿಸಲು ಹೇಳಿದಳು.

"ಭಾರ ಎಳೆಯಕ್ಕಾಗ್ತಿಲ್ಲ ಇದಕ್ಕೆ. ನಾನು ಆ ಒರತೆಯಿಂದ ನೀರು ತರ್ತೀನಿ. ಅಷ್ಟರಲ್ಲಿ ಭಾರ ಇಳಿಸು. ಭಾರ ಇಳಿಸಿದ ಮೇಲೆ ಸೀದಾ ಆಸ್ಪತ್ರೆ ಬಾಗಿಲಲ್ಲೇ ನಿಲ್ಲಬೇಕು, ತಿಳೀತಾ?"

"ಹೂಂನಮ್ಮಾ!"

ಗಾದಿಲಿಂಗ ಚೀಲ ನೋಡಿದ. ಅಕ್ಕನನ್ನು ನೋಡಿದ. ಹಾಸಿಗೆ ಸಮೇತ ಅಕ್ಕನನ್ನು ಮೆಲ್ಲಗೆ ಎತ್ತಿ ಮರದ ಕೆಳಗೆ ಇಳಿಸಿದ.

"ಲೇ... ನನ್ನನ್ಯಾಕೋ ಇಳಿಸ್ತೀಯ?"

"ಒಂದು ಚೀಲದಲ್ಲಿ ಬರೀ ಜೋಳ ಐತಕ್ಕಾ. ನಿನ್ನೊಳಗೆ ಇಬ್ಬರಿದೀರಿ!"

ಈರಮ್ಮ ಕೊಡ ಹೊತ್ತು ಬಂದಾಗ ಜೀಪಿರಲಿಲ್ಲ. ಮರದ ಕೆಳಗೆ ಮಗಳು ಒಬ್ಬಳೇ. ಕೊಡ ಕೈಜಾರಿ ಬಿತ್ತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮಗಳ ಹಿಂದೆ ಕೂತು ಎರಡೂ ಕೈ ಹಿಡಿದಳು. "ಉಸಿರು ಬಿಡು ಸುಂಕೀ. ನಾನಿದೀನಿ. ಕಣ್ಣು ಮುಚ್ಚಬೇಡ, ನನ್ನ ಮುಖ ನೋಡು."

ಅತ್ತ ಗಾದಿಲಿಂಗ ಆಸ್ಪತ್ರೆ ಬಾಗಿಲಲ್ಲೇ ಜೀಪು ನಿಲ್ಲಿಸಿ, "ಡಾಕ್ಟರಮ್ಮಾ, ಬೇಗ ಬನ್ನಿ! ಅಕ್ಕನಿಗೆ ಹೆರಿಗೆ, ಕೂಸಿನ ಕಾಲು ಮುಂದಾಗೈತೆ!" ಎಂದು ಕೂಗಿದ. ಡಾಕ್ಟರಮ್ಮ ಓಡಿಬಂದು ಇಣುಕಿದರು. ಜೋಳದ ಚೀಲಗಳು.

"ಗರ್ಭಿಣಿ ಎಲ್ಲಯ್ಯಾ?"

"ಭಾರ ಆಯ್ತು ಅಂತ ಘಟ್ಟದಲ್ಲಿ ಇಳಿಸೀನ್ರೀ."

ಡಾಕ್ಟರಮ್ಮ ಒಳಗೆ ಓಡಿದರು. ಔಷಧದ ಬ್ಯಾಗು ಹಿಡಿದು ಬಂದು ಜೀಪು ಹತ್ತಿದರು, "ನಡಿ!" ಎಂದರು. ಇಳಿಜಾರಿನಲ್ಲಿ ಜೀಪಿಗೂ ಸುಸ್ತಿರಲಿಲ್ಲ.

ಹುಣಸೆ ಮರದ ಕೆಳಗೆ ಸೀರೆ ಅಡ್ಡ ಹಿಡಿದರು. ಕಾಲು ಬಂತು, ಸೊಂಟ ಬಂತು, ತೋಳು ಬಂತು. ತಲೆ ಬರಲಿಲ್ಲ. ಡಾಕ್ಟರಮ್ಮನ ಹಣೆಯಿಂದ ಬೆವರು ಸುರಿಯಿತು. ಆಮೇಲೆ ಒಂದು ಸಣ್ಣ ಅಳು, ಅದರ ಹಿಂದೆಯೇ ದೊಡ್ಡ ಅಳು. ಹೆಣ್ಣುಮಗು. ಸುಂಕಮ್ಮ ಕಣ್ಣು ಬಿಟ್ಟು, "ನೀರು" ಎಂದಳು.

"ಇಬ್ಬರೂ ಗಟ್ಟಿ ಇದಾರೆ. ಆದ್ರೂ ಆಸ್ಪತ್ರೆಗೆ ಹೋಗೋಣ" ಎಂದರು ಡಾಕ್ಟರಮ್ಮ.

ಈರಮ್ಮನಿಗೆ ಮಗನನ್ನು ಬೈಯಲು ಶಕ್ತಿಯೇ ಉಳಿದಿರಲಿಲ್ಲ. ಮೆತ್ತಗೆ ಹೇಳಿದಳು: "ಲಿಂಗಾ, ಹಸಿ ಬಾಣಂತಿ ಅಪ್ಪಾ. ಗಾಳಿ ಸೋಕಬಾರದು. ಮುಂದಿನಿಂದ ಬರೋ ಗಾಳಿ ಒಂದು ಚೂರೂ ಒಳಗೆ ನುಗ್ಗದಂಗೆ ಈ ಕಂಬಳಿ ಕಟ್ಟು."

"ಹೂಂನಮ್ಮಾ!"

ಕಟ್ಟಿದ. ಬಿಗಿಯಾಗಿ ಕಟ್ಟಿದ. ಎಲ್ಲರೂ ಹತ್ತಿದರು. ಕೂಸನ್ನು ನೋಡುವ ಸಂಭ್ರಮದಲ್ಲಿ ಕಂಬಳಿ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ. ಅರ್ಧ ಏರು ಹತ್ತಿರಬೇಕು, ಡಾಕ್ಟರಮ್ಮ ಮೂಗರಳಿಸಿದರು.

"ಏನಯ್ಯಾ ಇದು ಉಣ್ಣೆ ಸುಟ್ಟ ವಾಸನೆ?"

ಜೀಪಿನ ಮುಖಕ್ಕೆ, ರೇಡಿಯೇಟರಿನ ಮೇಲೆ, ಕಂಬಳಿ ಭದ್ರವಾಗಿ ಕೂತಿತ್ತು. ಅದರ ನಾಲ್ಕೂ ಅಂಚಿನಿಂದ ಬುಸಬುಸ ಹಬೆ. ಗಾದಿಲಿಂಗ ಹಿಂದೆ ತಿರುಗಿ ಹಲ್ಲು ಬಿಟ್ಟ.

"ಅಕ್ಕಾ, ಬೆಚ್ಚಗಾಯ್ತಾ?"