ಕಾಟಮ್ಮನ ಮಗ ಯೂನಿವರ್ಸಿಟಿಗೆ ಹೋಗಿದ್ದು

ಹತ್ತಿರ ಬನ್ರವ್ವಾ, ಇನ್ನೂ ಹತ್ತಿರ. ಆ ಬಾಗಿಲು ಮುಂದಕ್ಕೆ ಮಾಡಿ. ಗೋಡೆ ಆಚೆಗೇ ಕಾಟಮ್ಮ ಇದ್ದಾಳೆ, ಅವಳಿಗೆ ಇರುವೆ ನಡೆದರೂ ಕೇಳಿಸುತ್ತೆ. ನಾನು ಹೇಳಿದೆ ಅಂತ ಯಾರಾದರೂ ಬಾಯಿ ಬಿಟ್ಟೀರಿ, ನಿಮ್ಮ ಮಕ್ಕಳಾಣೆ! ಹಾಕಿದ್ರಾ ಆಣೆ? ಹಾಂ, ಈಗ ಕೇಳಿ.

ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರೋ ಈ ಕಾಟಮ್ಮನಿಗೆ ಒಬ್ಬನೇ ಮಗ, ಪಾಲಯ್ಯ. ಆಳು ಆರಡಿ, ಬುದ್ಧಿ ಚಿಟಿಕೆ. ಬಾಯಿಪಾಠಕ್ಕೆ ಮಾತ್ರ ಹುಲಿ! ಅದರಿಂದಲೇ ಪಿಯುಸಿ ದಾಟಿ, ನಮ್ಮ ಓಣಿಗೇ ಮೊದಲಿಗನಾಗಿ ಯೂನಿವರ್ಸಿಟಿ ಸೇರಿಕೊಂಡ.

ಹೊರಡೋ ದಿನ ತಾಯಿ ಹಣೆ ಹಣೆ ಬಡಕೊಂಡಳು. "ಲೋ ಮಗನೇ, ನಿನ್ನ ಬುದ್ಧಿ ಮನೇಲೇ ಇರಲಿ, ದೊಡ್ಡವರು ಹೇಳಿದಂಗೆ ಮಾಡು! ಮೇಷ್ಟ್ರು ಬಂದರೆ ಎದ್ದು ನಿಲ್ಲು. ಅವರು ಕೂತ್ಕೋ ಅನ್ನೋತನಕ ಕೂರಬೇಡ!"

"ಆಗಲವ್ವ!"

ಮೊದಲನೇ ದಿನ ಮೇಷ್ಟ್ರು ಬಂದರು. ಪಾಲಯ್ಯ ಎದ್ದು ನಿಂತ. ಅಲ್ಲಿ ಏಳು ಅನ್ನೋರೂ ಇಲ್ಲ, ಕೂರು ಅನ್ನೋರೂ ಇಲ್ಲ. ಮೇಷ್ಟ್ರು ಪಾಠ ಮಾಡಿದರು, ಹೋದರು. ಪಾಲಯ್ಯ ನಿಂತೇ ಇದ್ದ. ಇನ್ನೊಬ್ಬರು ಬಂದರು, ಹೋದರು. ನಿಂತೇ ಇದ್ದ! ಊಟದ ಹೊತ್ತಾಯಿತು. ನಿಂತೇ ಇದ್ದ!

"ಲೇ ಲೈಟುಕಂಬ, ಕೂತ್ಕಳೋ! ಬೋರ್ಡು ಕಾಣಿಸ್ತಿಲ್ಲ!" ಅಂತ ಹಿಂದಿನ ಹುಡುಗರು ಕೂಗಿದರು.

"ನೀವು ಮೇಷ್ಟ್ರಲ್ಲ!"

ಸಂಜೆ ಕೊನೇ ಮೇಷ್ಟ್ರಿಗೆ ರೇಗಿತು. "ಥೂ! ಇದೇನು ಹೈಸ್ಕೂಲೇನೋ? ಇಲ್ಲಿ ಯಾರು ಬಂದರೂ ಏಳಬೇಡ. ಕೂತಲ್ಲೇ ಕೂತು, ದೊಡ್ಡವರು ಆಡಿದ ಮಾತೆಲ್ಲ ಬರಕೋ!"

"ಆಗಲಿ ಸಾರ್!"

ಮಾರನೇ ದಿನ ಹಾಸ್ಟೆಲಿನ ಊಟದ ಮನೆ. ಯಾರೋ ಸಾರು ಚೆಲ್ಲಿದ್ದರು. ವಾರ್ಡನ್ ಸಾಹೇಬರು ಗತ್ತಿನಿಂದ ಬಂದರು, ಕಾಲಿಟ್ಟರು, ಸುಂಯ್ ಅಂತ ಜಾರಿ ಅಂಗಾತ ಬಿದ್ದರು! ಅಲ್ಲಿದ್ದೋನು ಪಾಲಯ್ಯ ಒಬ್ಬನೇ.

"ಅಯ್ಯೋ ಸೊಂಟ! ಎತ್ತೋ! ಬಾರೋ!"

ಪಾಲಯ್ಯ ಎದ್ದನಾ? ಇಲ್ಲ! ಪುಸ್ತಕ ತೆಗೆದ, ಬರೆದ. 'ಅಯ್ಯೋ ಸೊಂಟ. ಎತ್ತೋ. ಬಾರೋ.'

"ಏನೋ ಗೀಚ್ತಿದ್ದೀಯ, ಕತ್ತೆ!"

ಅದನ್ನೂ ಬರಕೊಂಡ. ಬರೆದು, "ಸಾರ್, ಕತ್ತೆ ಆದಮೇಲೆ ಏನಂದ್ರಿ?" ಅಂತ ಕೇಳಿದ!

ವಾರ್ಡನ್ನಿಗೆ ಮೈಯೆಲ್ಲ ಉರಿ. "ಮಲಗಿದ್ದೋರನ್ನ ಕಂಡರೆ ಬರೀತಾರೇನೋ ಮುಠ್ಠಾಳ? ನಾಲ್ಕು ಜನನ ಕರಿ, ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡು!"

"ಆಗಲಿ ಸಾರ್!"

ಈಗ ಇದೆ ನೋಡ್ರವ್ವಾ ಮಜಾ! ಅವರ ವಿಭಾಗದ ಹೆಡ್ಡು ಒಬ್ಬರಿದ್ದಾರೆ. ಹೆಂಡತಿಗೆ ಮೀಟಿಂಗು ಅಂತ ಹೇಳಿ ಬಂದು, ಲೈಬ್ರರಿ ಹಿಂದಿನ ಬೆಂಚಿನ ಮೇಲೆ, ಮುಖಕ್ಕೆ ಪೇಪರು ಮುಚ್ಚಿಕೊಂಡು ಗೊರ್ ಗೊರ್! ಪಾಲಯ್ಯ ಕಂಡ. ಮಲಗಿದ್ದಾರೆ! ಮೂರು ಹುಡುಗರನ್ನ ಕರೆತಂದ, ತಾನೊಬ್ಬ ಸೇರಿದ, ಬೆಂಚಿನ ಸಮೇತ ಹೆಗಲಿಗೇರಿಸಿದ. ದಾರಿ ಬಿಡ್ರೀ, ದಾರಿ ಬಿಡ್ರೀ!

ಗೇಟಿನಲ್ಲಿ ಯಾರು ಬರಬೇಕು? ಊಟದ ಡಬ್ಬಿ ಹಿಡಿದ ಹೆಂಡತಿ! ಮುಖ ಮುಚ್ಚಿದೆ, ಕಾಲಲ್ಲಿ ಗಂಡನದೇ ಚಪ್ಪಲಿ, ನಾಲ್ಕು ಜನ ಹೊತ್ತಿದ್ದಾರೆ. "ಅಯ್ಯೋ, ನನ್ನ ಬಿಟ್ಟು ಹೋದ್ರಾ!" ಅಂತ ಎದೆ ಬಡಕೊಂಡಳು ನೋಡಿ, ಹೆಡ್ಡು ದಿಗ್ಗನೆ ಎದ್ದು ಕೂತರು. "ಏಯ್, ಬದುಕಿದ್ದೀನಿ ಕಣೇ!"

ಆಯಮ್ಮ ಕಣ್ಣೊರೆಸಿಕೊಂಡು ಕೇಳಿದ್ದೇನು ಗೊತ್ತಾ? "ಮೀಟಿಂಗು ಅಂದ್ರಲ್ಲ?"

ಮೂರು ದಿನ ಆ ಮನೇಲಿ ಒಲೆ ಹತ್ತಲಿಲ್ಲವಂತೆ!

ಹೆಡ್ಡು ಆ ಗೇಟಿನಲ್ಲೇ ಪಾಲಯ್ಯನ ಕಿವಿ ಹಿಂಡಿದರು. "ಇದು ಯೂನಿವರ್ಸಿಟಿ ಕಣೋ! ಇಲ್ಲಿ ಏನು ಮಾಡಬೇಕಾದರೂ ಮೊದಲು ಅರ್ಜಿ! ಅದಕ್ಕೆ ನನ್ನ ಸಹಿ! ಆಮೇಲೆ ರಿಜಿಸ್ಟ್ರಾರ್ ಸಾಹೇಬರ ಸೀಲು! ಅದಿಲ್ಲದೆ ಕೈ ಎತ್ತಿದೆಯೋ, ಜೋಕೆ!"

ಹಾಸ್ಟೆಲಿಗೆ ಬಂದರೆ ವಾರ್ಡನ್ ಸೊಂಟ ಹಿಡಕೊಂಡೇ ಸೇರಿಸಿದರು. "ಈ ಸಲ ಒಂದು ಪೇಪರ್ ಹೋದರೂ ಹಾಸ್ಟೆಲ್ ಖಾಲಿ!"

ಫೋನಿನಲ್ಲಿ ಇದನ್ನ ಕೇಳಿ ಕಾಟಮ್ಮನ ಬಾಂಡ್ಲಿಯಲ್ಲಿ ಒಗ್ಗರಣೆ ಸೀದೇ ಹೋಯಿತು. "ಹಾಸ್ಟೆಲ್ ಹೋದರೆ ಓದೂ ಹೋಯಿತು ಕಣೋ ಮಗನೇ! ಊರಲ್ಲಿ ರೂಮು ಮಾಡಿಸೋ ತಾಕತ್ತು ನಂಗಿಲ್ಲ!"

"ಹೆದರಬೇಡವ್ವ, ಎಲ್ಲಾ ಬಾಯಿಪಾಠ ಬರುತ್ತೆ!"

ಸುಳ್ಳಲ್ಲ ಅದು! ಪರೀಕ್ಷೆ ದಿನ ಪೇಪರು ಕೊಟ್ಟರು. ಐದು ಪ್ರಶ್ನೆ. ಐದೂ ಬರುತ್ತೆ! ಪಾಲಯ್ಯ ತೋಳು ಏರಿಸಿದ. ಪೆನ್ನು ಎತ್ತಿದ. ಎತ್ತಿದೋನು ಗಕ್ಕನೆ ನಿಂತ. ಅರ್ಜಿ! ಒಂದು ಹಾಳೆ ತಗೊಂಡು ಬರೆದ. 'ಮಾನ್ಯರೇ, ಒಂದನೇ ಪ್ರಶ್ನೆಗೆ ಉತ್ತರ ಬರೆಯಲು ಅನುಮತಿ ಕೊಡಬೇಕಾಗಿ ವಿನಂತಿ.' ಎದ್ದು ಓಡಿದ!

"ಎಲ್ಲಿಗೋ?" ಅಂದರು ಕಾವಲಿದ್ದ ಮೇಷ್ಟ್ರು.

"ಅರ್ಜಿ ಸಾರ್!"

ಪಾಪ, ಬಚ್ಚಲಿಗೂ ಅರ್ಜಿ ಕೊಡೋ ಮರ್ಯಾದಸ್ಥ ಅಂತ ಅವರು ಬಿಟ್ಟರು.

ಹೆಡ್ಡು ಇವನ ಮುಖ ಕಂಡರೆ ಸಾಕು, ತೊಲಗಲಿ ಅಂತ ಓದದೇ ಸಹಿ ಹಾಕಿದರು. ರಿಜಿಸ್ಟ್ರಾರ್ ಊಟಕ್ಕೆ ಹೋಗಿದ್ದರು. ಕಾದ. ಬಂದರು, ಟೀ ತರಿಸಿದರು. ಕಾದ. ಸೀಲು ಬೀರುವಿನಲ್ಲಿತ್ತು, ಬೀಗದ ಕೈ ಗುಮಾಸ್ತನ ಹತ್ತಿರ, ಗುಮಾಸ್ತ ಎಲೆಯಡಿಕೆಗೆ ಹೋಗಿದ್ದ. ಕಾದ! ಕೊನೆಗೆ ದಬ್ ಅಂತ ಸೀಲು ಬಿತ್ತು, ಪಾಲಯ್ಯ ಗಾಳಿಯಂಗೆ ಓಡಿ ಬಂದ. ಇನ್ನು ಅರ್ಧ ಗಂಟೆ ಇದೆ!

"ಸಾರ್, ಸಹಿ ಆಯಿತು ಸಾರ್!"

ಕೂತ. ಬರೆದ ನೋಡಿ! ಮೇಷ್ಟ್ರೇ ಬಗ್ಗಿ ಬಗ್ಗಿ ಓದಿ ತಲೆದೂಗಿದರು. ಒಂದನೇ ಉತ್ತರ ಮುಗೀತು. ಪಾಲಯ್ಯ ಪೆನ್ನು ಮುಚ್ಚಿದ, ಕೈ ಕಟ್ಟಿ ಕೂತ.

"ಇನ್ನೂ ಹೊತ್ತಿದೆಯಲ್ಲೋ, ಎರಡನೇದು ಬರಿ! ಬರಲ್ವಾ?"

"ಬರುತ್ತೆ ಸಾರ್, ಐದೂ ಬರುತ್ತೆ! ಆದರೆ ಅದಕ್ಕಿನ್ನೂ ಸಹಿ ಆಗಿಲ್ಲ!"

ಪೇಪರೂ ಹೋಯಿತು, ಹಾಸ್ಟೆಲೂ ಹೋಯಿತು, ಟ್ರಂಕು ಹೊತ್ತು ಮನೆಗೆ ಬಂದ. ಹೆತ್ತ ಹೊಟ್ಟೆ, ಸಮಾಧಾನ ಹೇಳೋಣ ಅಂತ ನಾನು ನಿನ್ನೆ ಹೋದರೆ, ಕಾಟಮ್ಮ ನಡುಮನೇಲಿ ಮಸಿ ಡಬ್ಬಿ ಇಟ್ಟುಕೊಂಡು ಕೂತಿದ್ದಾಳೆ! ಮುಂದೆ ಐದು ಹಾಳೆ, ಐದಕ್ಕೂ ಅವಳ ಹೆಬ್ಬೆಟ್ಟು!

"ಪೇಪರು ಮತ್ತೆ ಕಟ್ಟಿಸಿದ್ದೀನಿ. ಪಾಸಾದರೆ ರೂಮು ವಾಪಸ್ ಅಂದಿದ್ದಾರೆ ವಾರ್ಡನ್ನು. ಈ ಸಲ ಐದಕ್ಕೂ ನನ್ನದೇ ಅನುಮತಿ. ಹೆತ್ತೋಳಿಗಿಂತ ದೊಡ್ಡ ರಿಜಿಸ್ಟ್ರಾರ್ ಯಾರು?"

ನಾನು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡೆ. ಎಷ್ಟಂತ ತಡೆಯಲಿ, ಕಿಸಕ್ಕಂದುಬಿಟ್ಟೆ. ಅವಳು ತಲೆ ಎತ್ತಿ, ನನ್ನ ಮುಖಕ್ಕೇ ಹೇಳಿದಳು ಕಣ್ರವ್ವಾ:

"ಬಾ ದೊಡ್ಡವ್ವಾ, ಹತ್ತಿರ ಬಾ. ಹೆಬ್ಬೆಟ್ಟಲ್ಲಿ ಇನ್ನೂ ಮಸಿ ಇದೆ. ನಿನ್ನ ಬಾಯಿಗೂ ಒಂದು ಒತ್ತಿಬಿಡ್ತೀನಿ!"